ರೌಂಡರ್ 0044: ಮೂವರು ಗೆಳೆಯರು ಕಟ್ಟಿದ ಒಂದು ರೆಕಾರ್ಡ್ ಕಂಪನಿಯ ಕಥೆ ಮತ್ತು ಲೆಕ್ಕ

ಅಮೆರಿಕದ ಬ್ಲೂಗ್ರಾಸ್ ಸಂಗೀತಗಾರರ ನಡುವೆ ಕೂತು ಸುಮ್ನೆ "ಜೀರೋ ಜೀರೋ ಫಾರ್ಟಿ ಫೋರ್" ಅಂದರೆ ಸಾಕು, ಯಾವ ರೆಕಾರ್ಡಿನ ಮಾತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅದು 1975ರಲ್ಲಿ ಬಂದ ಒಂದು ಎಲ್‌ಪಿ, ಅಂದರೆ ಒಂದಿಷ್ಟು ಹಾಡು ಹಿಡಿಸುವ ದೊಡ್ಡ ರೆಕಾರ್ಡು. ಅದರ ಹೆಸರು, ಬ್ಯಾಂಡಿನ ಹೆಸರು ಎರಡೂ ಒಂದೇ: ಜೆ.ಡಿ. ಕ್ರೋ ಅಂಡ್ ದ ನ್ಯೂ ಸೌತ್. ಆದರೆ ಜನ ಅದನ್ನು ಕರೆಯುವುದು ಕಂಪನಿ ಕೊಟ್ಟ ಕ್ರಮಸಂಖ್ಯೆಯಿಂದ, ರೌಂಡರ್ 0044 ಅಂತ. ಗೋಡೌನಿನ ಲೆಕ್ಕಕ್ಕೆ ಹಾಕಿದ ನಂಬರು ಹಾಡುವವರ, ನುಡಿಸುವವರ ಬಾಯಲ್ಲಿ ಹೆಸರಾಗಿ ನಿಂತುಬಿಟ್ಟಿದೆ.

ಅದೇ ಎಲ್‌ಪಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2024ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಮುಂದಿನ ತಲೆಮಾರಿಗೆ ಕಾಪಾಡಿ ಇಡಬೇಕಾದ ದನಿಗಳು ಅಂತ ದೇಶ ಆರಿಸಿಕೊಂಡ ಪಟ್ಟಿ ಅದು. ಆ ಹೊತ್ತಿಗೆ ರೌಂಡರ್ ರೆಕಾರ್ಡ್ಸ್ ಅದನ್ನು ಕಟ್ಟಿದವರ ಕೈಯಲ್ಲಿ ಇರಲಿಲ್ಲ. 2010ರಲ್ಲೇ ಮಾರಾಟವಾಗಿತ್ತು.

ಒಂದು ಸಣ್ಣ ಕಂಪನಿ 40 ವರ್ಷ ಬಾಳಿ ಮಾರಾಟವಾದರೆ ಅದು ಬಿಟ್ಟುಹೋಗುವುದು ಏನನ್ನು? ಟೇಪುಗಳನ್ನಾ, ಹೆಸರನ್ನಾ, ಗ್ರ್ಯಾಮಿ ಪ್ರಶಸ್ತಿಗಳನ್ನಾ? ರೌಂಡರ್ ವಿಷಯದಲ್ಲಿ ಅದು ಒಂದು ಅಭ್ಯಾಸ ಅಂತ ನನಗೆ ಅನ್ನಿಸುತ್ತದೆ. ಚೆನ್ನಾಗಿ ಮಾರಾಟವಾದ ಹಾಡಿನ ದುಡ್ಡನ್ನು, ಎಂದೂ ಮಾರಾಟವಾಗದ ಹಾಡನ್ನು ಉಳಿಸಲು ಹಾಕುವ ಅಭ್ಯಾಸ. ಅದು ಹೇಗೆ ಬಂತು, ಎಷ್ಟು ದಿನ ನಡೆಯಿತು, ಎಲ್ಲಿ ಸಡಿಲವಾಯಿತು ಅಂತ ನೋಡುವುದಕ್ಕೇ ಈ ಬರಹ.

ಸಾಮರ್‌ವಿಲ್‌ನ ಮನೆ

ಮೊದಲು ಈ ಸಂಗೀತದ ಬಗ್ಗೆ ಎರಡು ಮಾತು. ಬ್ಲೂಗ್ರಾಸ್ ಅನ್ನುವುದು 1940ರ ದಶಕದಲ್ಲಿ ರೂಪ ಪಡೆದ ಸಂಗೀತ. ಕೆಂಟಕಿಯ ಬಿಲ್ ಮನ್ರೋ ತಮ್ಮ ಬ್ಯಾಂಡಿಗೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸರಿಟ್ಟಿದ್ದರು. ಸಂಗೀತಕ್ಕೂ ಅದೇ ಹೆಸರು ಬಂತು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಆ ಬ್ಯಾಂಡ್ ಸೇರಿ, ಮೂರು ಬೆರಳಿನಿಂದ ಬ್ಯಾಂಜೋ ಮೀಟಿ ಮಳೆ ಸುರಿದ ಹಾಗೆ ನುಡಿಸಿದ ಮೇಲೆ ಅದರ ಚಹರೆ ಗಟ್ಟಿಯಾಯಿತು. ಬ್ಯಾಂಜೋ, ಮ್ಯಾಂಡೊಲಿನ್, ಗಿಟಾರ್, ದೊಡ್ಡ ಬೇಸ್, ಜೊತೆಗೆ ಫಿಡಲ್. ಫಿಡಲ್ ನಮಗೆ ಹೊರಗಿನದೇನಲ್ಲ. ನಾವು ಪಿಟೀಲು ಅನ್ನುವುದು ಆ ಪದವನ್ನೇ. ಬ್ಲೂಗ್ರಾಸ್‌ಗೂ ಹಿಂದಿನ ಹಳ್ಳಿ ಸಂಗೀತವನ್ನು ಓಲ್ಡ್‌ ಟೈಮ್ ಅನ್ನುತ್ತಾರೆ. ಇವನ್ನೂ ಕಪ್ಪು ಜನರ ಬ್ಲೂಸ್, ಲೂಯಿಸಿಯಾನಾದ ಫ್ರೆಂಚ್ ಮಾತಿನವರ ಕೇಜನ್ ಮುಂತಾದವನ್ನೂ ಸೇರಿಸಿ ರೂಟ್ಸ್ ಅಂತ ಕರೆಯುವುದು ರೂಢಿ.

ಕೆನ್ ಇರ್ವಿನ್ ಮತ್ತು ಬಿಲ್ ನೌಲಿನ್ ಬಾಸ್ಟನ್ ಪಕ್ಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಒಂದೇ ರೂಮಿನಲ್ಲಿದ್ದ ಹುಡುಗರು. 1962ರಲ್ಲಿ ಪರಿಚಯವಾದವರು. ದಾರಿಯಲ್ಲಿ ಕೈ ತೋರಿಸಿ ಸಿಕ್ಕ ಗಾಡಿ ಹತ್ತಿ ದಕ್ಷಿಣದ ರಾಜ್ಯಗಳಿಗೆ ಹೋಗುತ್ತಿದ್ದರು. ಅಲ್ಲಿ ಫಿಡಲರ್ಸ್ ಕನ್ವೆನ್ಷನ್ ಅಂತ ನಡೆಯುತ್ತವೆ. ಹೆಸರು ಸಭೆಯ ಹಾಗಿದ್ದರೂ ಅದು ಜಾತ್ರೆಯೇ. ವೇದಿಕೆಯ ಮೇಲೆ ಸ್ಪರ್ಧೆ, ಕೆಳಗೆ ಗಾಡಿಗಳ ನಡುವೆ ರಾತ್ರಿಯೆಲ್ಲ ನುಡಿಸುವ ಗುಂಪುಗಳು. ಮೇರಿಯನ್ ಲೇಟನ್ ಮೇನ್ ರಾಜ್ಯದ ಒಂದು ಸಣ್ಣ ಊರಿನಿಂದ ಓದಲು ಬಂದವರು, ಇವರ ಜೊತೆ ಸೇರಿದರು. ಮೂವರೂ ಬಾಸ್ಟನ್‌ಗೆ ಅಂಟಿಕೊಂಡ ಸಾಮರ್‌ವಿಲ್‌ನಲ್ಲಿ ಒಂದೇ ಮನೆಯಲ್ಲಿದ್ದರು. ವಿಯೆಟ್ನಾಂ ಯುದ್ಧದ ಕಾಲ. ಮೂವರೂ ಎಡಪಂಥದ ಕಡೆ ವಾಲಿದವರು. ತಮ್ಮದು ಲಾಭವನ್ನು ವಿರೋಧಿಸುವ ಕೂಟ ಅಂತಲೇ ಹೇಳಿಕೊಂಡರು. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ.

1970ರ ಅಕ್ಟೋಬರಿನಲ್ಲಿ ಈ ಮೂವರ ರೌಂಡರ್ ಕಂಪನಿಯಿಂದ ಎರಡು ಎಲ್‌ಪಿ ಒಟ್ಟಿಗೆ ಹೊರಬಂದವು. 0001 ಉತ್ತರ ಕ್ಯಾರೊಲೈನಾದ ಬ್ಯಾಂಜೋ ವಾದಕ ಜಾರ್ಜ್ ಪೆಗ್ರಮ್ ಅವರದು. 0002 ಸ್ಪಾರ್ಕ್ ಗ್ಯಾಪ್ ವಂಡರ್ ಬಾಯ್ಸ್ ಅನ್ನುವ ಹುಡುಗರ ತಂಡದ್ದು. ರೌಂಡರ್ ಅನ್ನುವ ಪದಕ್ಕೆ ಹಳೆಯ ಹಾಡುಗಳಲ್ಲಿ ಊರೂರು ಅಲೆಯುವವನು, ಮನೆ ಮಠ ಇಲ್ಲದವನು ಅಂತ ಅರ್ಥ. ರೆಕಾರ್ಡು ದುಂಡಗಿರುತ್ತದೆ ಅನ್ನುವುದೂ ಅದರಲ್ಲಿ ಸೇರಿಕೊಂಡಿತ್ತು.

ಮೂವರಿಗೂ ವ್ಯಾಪಾರದ ಅನುಭವ ಇರಲಿಲ್ಲ. ನೌಲಿನ್ ಲೊವೆಲ್‌ನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರಾದರು. ಕಂಪನಿಯ ಜೊತೆಜೊತೆಗೆ ವರ್ಷಗಟ್ಟಲೆ ಪಾಠ ಮಾಡಿದರು. ಇದನ್ನು ನಾನು ಮುಖ್ಯ ಅಂದುಕೊಳ್ಳುತ್ತೇನೆ. ಮನೆ ಖರ್ಚಿಗೆ ಬೇರೆ ಸಂಬಳ ಇದ್ದರೆ, ಕಂಪನಿಯಿಂದ ತಿಂಗಳು ತಿಂಗಳು ದುಡ್ಡು ತೆಗೆಯುವ ಅವಸರ ಇರುವುದಿಲ್ಲ. ಈ ಬಗೆಯ ಎಷ್ಟೋ ಕೆಲಸಗಳು ಮೊದಲ ಐದು ವರ್ಷದಲ್ಲಿ ನಿಂತು ಹೋಗುವುದು ಇದೊಂದೇ ಕಾರಣಕ್ಕೆ.

ದುಡ್ಡು ಎಲ್ಲಿಂದ ಬರುತ್ತಿತ್ತು

ರೆಕಾರ್ಡು ಮಾಡುವುದು ಸುಲಭ, ಅದನ್ನು ಅಂಗಡಿಗೆ ಮುಟ್ಟಿಸಿ ದುಡ್ಡು ವಸೂಲಿ ಮಾಡುವುದು ಕಷ್ಟ. ಎರಡೇ ರೆಕಾರ್ಡು ಇರುವ ಕಂಪನಿಯ ಜೊತೆ ಯಾವ ಅಂಗಡಿಯವನೂ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೂ ಬಾಕಿ ತೀರಿಸುವುದಿಲ್ಲ. ಅವನಿಗೆ ನಿಮ್ಮಿಂದ ಮುಂದಿನ ತಿಂಗಳು ಬೇರೆ ಮಾಲು ಬೇಕಾಗಿದ್ದರೆ ಮಾತ್ರ ಹಳೆಯ ಬಿಲ್ ಕಟ್ಟುತ್ತಾನೆ. ಯಾವ ಊರಿನ ಅಂಗಡಿಯಾದರೂ ಇದೇ ಕಥೆ, ಅಲ್ವಾ?

ರೌಂಡರ್‌ನವರು ಇದಕ್ಕೆ ಕಂಡುಕೊಂಡ ದಾರಿ ಬೇರೆಯವರ ರೆಕಾರ್ಡನ್ನೂ ಹೊತ್ತು ಮಾರುವುದು. ಜಾತ್ರೆಗಳಿಗೆ ಗಾಡಿಯಲ್ಲಿ ಹೋಗುವಾಗ ತಮ್ಮ ಎಲ್‌ಪಿಗಳ ಜೊತೆ ಇನ್ನೂ ಹಲವು ಸಣ್ಣ ಕಂಪನಿಗಳ ಎಲ್‌ಪಿಗಳನ್ನು ತುಂಬಿಕೊಂಡು ಹೋದರು. ಮೇಜು ಹಾಕಿ ಮಾರಿದರು. ಆಮೇಲೆ ಅಂಗಡಿಗಳಿಗೂ ಹಂಚಲು ಶುರು ಮಾಡಿದರು. ಹೀಗೆ ಬೆಳೆದ ವಿತರಣೆಯ ಕೆಲಸ ದಶಕಗಳ ಕಾಲ ರೌಂಡರ್‌ನ ಬೆನ್ನೆಲುಬಾಯಿತು. ಹಾಡುಗಾರ್ತಿಯರ ಹೆಸರು ಪೇಪರಿನಲ್ಲಿ ಬರುತ್ತದೆ. ಡಬ್ಬ ಕಟ್ಟಿ ಕಳಿಸಿದವರ ಹೆಸರು ಬರುವುದಿಲ್ಲ. ಆದರೆ ಆ ಡಬ್ಬಗಳೇ ಇಲ್ಲದಿದ್ದರೆ 0044 ಕೆಂಟಕಿಯ ಆಚೆ ಹೋಗುತ್ತಿರಲಿಲ್ಲ.

ಮಾರಾಟವಾಗದ ಹಾಡುಗಳು

ಆ ದುಡ್ಡಿನಲ್ಲಿ ಏನು ಮಾಡಿದರು ಅನ್ನುವುದಕ್ಕೆ ಎಡ್ ಹೇಲಿ ಅವರ ಕಥೆ ಹೇಳಬೇಕು.

ಹೇಲಿ ಕೆಂಟಕಿಯ ಆಶ್‌ಲ್ಯಾಂಡ್ ಕಡೆಯ ಕುರುಡ ಪಿಟೀಲುಗಾರ. 1951ರಲ್ಲಿ ತೀರಿಕೊಂಡರು. ಬೀದಿಯಲ್ಲಿ, ಕೋರ್ಟಿನ ಮುಂದೆ, ಜಾತ್ರೆಯಲ್ಲಿ ನುಡಿಸಿ ಬದುಕಿದವರು. ಆ ಸೀಮೆಯಲ್ಲಿ ಅವರಂಥ ಪಿಟೀಲುಗಾರ ಇನ್ನೊಬ್ಬನಿಲ್ಲ ಅಂತ ಜನ ಹೇಳುತ್ತಿದ್ದರು. ಆದರೆ ಕಂಪನಿಗಳು ಮೋಸ ಮಾಡುತ್ತವೆ ಅಂತ ಅವರು ಒಂದೇ ಒಂದು ರೆಕಾರ್ಡನ್ನೂ ಮಾಡಿಕೊಡಲಿಲ್ಲ. 1940ರ ದಶಕದ ನಡುವೆ ಅವರ ಮಗ ಮನೆಯಲ್ಲೇ ಡಿಸ್ಕಿನ ಮೇಲೆ ಸದ್ದನ್ನು ಕೊರೆಯುವ ಯಂತ್ರ ಇಟ್ಟು ಅಪ್ಪನ ವಾದನವನ್ನು ಹಿಡಿದಿಟ್ಟ. ಆ ಡಿಸ್ಕುಗಳು ಮನೆಯ ಮಕ್ಕಳ ನಡುವೆ ಹಂಚಿಹೋದವು. ಕೆಲವು ಸವೆದವು, ಹಲವು ಕಳೆದೇ ಹೋದವು. ಉಳಿದವನ್ನು ಹುಡುಕಿ ರೌಂಡರ್ 1976ರಲ್ಲಿ ಒಂದು ಎಲ್‌ಪಿ ತಂದಿತು. 1990ರ ದಶಕದ ಕೊನೆಯಲ್ಲಿ ಇನ್ನಷ್ಟು ಡಿಸ್ಕುಗಳನ್ನು ಶುಚಿ ಮಾಡಿ ಸಿಡಿಗಳಲ್ಲಿ ಹಾಕಿತು.

ಕರಕರ ಅನ್ನುವ ಸದ್ದಿನ ನಡುವಿನಿಂದ ಆ ಪಿಟೀಲು ಕೇಳಿಸುತ್ತದೆ. ಬಿಲ್ಲು ಉದ್ದಕ್ಕೆ, ಒಂದೇ ಉಸಿರಿನಲ್ಲಿ ಎಳೆದ ಹಾಗೆ. ಸತ್ತು 25 ವರ್ಷವಾದವರ, ಹೆಸರೇ ಹೊರಗೆ ಗೊತ್ತಿಲ್ಲದವರ ಈ ಸದ್ದನ್ನು ಕೊಳ್ಳುವವರು ಎಷ್ಟು ಜನ ಇದ್ದಾರು? ಯಾವ ದೊಡ್ಡ ಕಂಪನಿಯ ಮೀಟಿಂಗಿನಲ್ಲೂ ಈ ಪ್ರಸ್ತಾವ ಪಾಸಾಗುವುದಿಲ್ಲ. ಇವತ್ತು ಹಳೆಯ ಕೆಂಟಕಿ ಶೈಲಿಯ ಪಿಟೀಲು ಕಲಿಯುವ ಯಾರೇ ಆದರೂ ಹೇಲಿಯವರನ್ನು ಕೇಳದೆ ಮುಂದೆ ಹೋಗುವುದಿಲ್ಲ.

ಹೇಝಲ್ ಡಿಕನ್ಸ್ ಅವರದು ಬೇರೆ ರೀತಿಯ ಕಥೆ. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯ ಸೀಮೆಯವರು. ಬಡತನದಲ್ಲಿ ಬೆಳೆದು, ಬಾಲ್ಟಿಮೋರ್‌ಗೆ ಬಂದು ಕಾರ್ಖಾನೆಯಲ್ಲಿ ದುಡಿದವರು. ಅವರ ಅಣ್ಣ ಗಣಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಿಂದ ಸತ್ತರು. ಆ ಸಾವಿನ ಮೇಲೆ ಅವರು ಕಟ್ಟಿದ ಹಾಡು ಗಣಿ ಕಾರ್ಮಿಕರ ಹೋರಾಟದ ಸಭೆಗಳಲ್ಲಿ ಕೇಳಿಸಿತು. ಬ್ಲೂಗ್ರಾಸ್ ಆಗ ಬಹುಪಾಲು ಗಂಡಸರ ಜಗತ್ತು. ಹೆಂಗಸರು ಬ್ಯಾಂಡಿನಲ್ಲಿ ಇದ್ದರೂ ಹಿಂದೆ ನಿಲ್ಲಬೇಕು. ಹೇಝಲ್ ಮತ್ತು ಆಲಿಸ್ ಜೆರಾರ್ಡ್ ಜೋಡಿ ಮುಂದೆ ನಿಂತು ಹಾಡಿದ ಎಲ್‌ಪಿಯನ್ನು ರೌಂಡರ್ 1973ರಲ್ಲಿ ತಂದಿತು. ಸಿಹಿ ಮಾಡದ ಕಂಠ, ಗೀರು ಬಿದ್ದ ಹಾಗೆ ಏರುವ ದನಿ. ಆ ಎಲ್‌ಪಿಯೇ ಕೆಂಟಕಿಯ ಅಂಗಡಿಯೊಂದರಲ್ಲಿ ನಯೋಮಿ ಜಡ್ ಅನ್ನುವ ತಾಯಿಯ ಕೈಗೆ ಸಿಕ್ಕಿತು. ಆಕೆ ಮಗಳ ಜೊತೆ ಅದನ್ನು ಕೇಳಿ ಕೇಳಿ ಒಟ್ಟಿಗೆ ಹಾಡುವುದನ್ನು ಕಲಿತರು. ಆಮೇಲೆ ಆ ತಾಯಿ ಮಗಳು 1980ರ ದಶಕದಲ್ಲಿ ಕಂಟ್ರಿ ಸಂಗೀತದ ದೊಡ್ಡ ತಾರೆಯರಾದರು. ಅವರ ರೆಕಾರ್ಡುಗಳು ಬೇರೆ ಕಂಪನಿಯವು. ರೌಂಡರ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ. ಒಂದು ರೆಕಾರ್ಡಿನ ಫಲ ಎಲ್ಲೆಲ್ಲಿ ಬಿಡುತ್ತದೆ ಅಂತ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ.

ಒಂದು ವರ್ಷವೂ ಬಾಳದ ಬ್ಯಾಂಡು

ಈಗ 0044ಕ್ಕೆ ಬರೋಣ. ಬ್ಯಾಂಜೋ ವಾದಕ ಜೆ.ಡಿ. ಕ್ರೋ ಕೆಂಟಕಿಯ ಲೆಕ್ಸಿಂಗ್ಟನ್‌ನವರು. ಅಲ್ಲಿನ ಹೋಟೆಲೊಂದರಲ್ಲಿ ರಾತ್ರಿ ರಾತ್ರಿ ನುಡಿಸುತ್ತಿದ್ದ ಬ್ಯಾಂಡು ಅವರದು. 1975ರ ಹೊತ್ತಿಗೆ ಅದರಲ್ಲಿ ಗಿಟಾರ್ ಮತ್ತು ಹಾಡಿಗೆ ಟೋನಿ ರೈಸ್, ಮ್ಯಾಂಡೊಲಿನ್ ಮತ್ತು ಹಾಡಿಗೆ ರಿಕಿ ಸ್ಕ್ಯಾಗ್ಸ್, ಡೋಬ್ರೋಗೆ ಜೆರ್ರಿ ಡಗ್ಲಸ್, ಬೇಸ್ ಮತ್ತು ಪಿಟೀಲಿಗೆ ಬಾಬಿ ಸ್ಲೋನ್. ಡೋಬ್ರೋ ಅಂದರೆ ಮಡಿಲಲ್ಲಿ ಮಲಗಿಸಿಕೊಂಡು, ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ಗಿಟಾರು. ರೈಸ್, ಸ್ಕ್ಯಾಗ್ಸ್, ಡಗ್ಲಸ್ ಮೂವರೂ ಆಗ ಇಪ್ಪತ್ತರ ಆಸುಪಾಸಿನ ಹುಡುಗರು. ಮೂವರೂ ಮುಂದೆ ತಮ್ಮ ತಮ್ಮ ವಾದ್ಯದಲ್ಲಿ ದಾರಿ ಹಾಕಿಕೊಟ್ಟವರು.

ಜನವರಿ 1975ರಲ್ಲಿ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನ ಸ್ಟುಡಿಯೋದಲ್ಲಿ ಮುದ್ರಣ ನಡೆಯಿತು. ಅದೇ ವರ್ಷ ಬೇಸಿಗೆಯ ಕೊನೆಗೆ ಬ್ಯಾಂಡು ಜಪಾನಿಗೆ ಹೋಗಿ ಬಂತು. ಬಂದ ಮೇಲೆ ರೈಸ್ ಕ್ಯಾಲಿಫೋರ್ನಿಯಾಕ್ಕೆ ಹೋದರು. ಸ್ಕ್ಯಾಗ್ಸ್, ಡಗ್ಲಸ್ ಸೇರಿ ಬೇರೆ ಬ್ಯಾಂಡು ಕಟ್ಟಿದರು. ಅಲ್ಲಿಗೆ ಆ ಕೂಟ ಮುಗಿಯಿತು. ಆ ಐದು ಜನ ಒಟ್ಟಿಗೆ ಇದ್ದಾಗಿನ ಸದ್ದು ಉಳಿದಿರುವುದು ಬಹುಮಟ್ಟಿಗೆ ಈ ಒಂದು ಎಲ್‌ಪಿಯಿಂದ.

ಇದರಲ್ಲಿ ಅಂಥದ್ದೇನಿದೆ ಅಂತ ಕೇಳಿದರೆ, ಹೊಸ ಕಾಲದ ಹಾಡು ಬರೆಯುವವರ ಹಾಡುಗಳನ್ನು ತೆಗೆದುಕೊಂಡು ಹಳೆಯ ವಾದ್ಯಗಳಲ್ಲೇ ನುಡಿಸಿದರು. ಡ್ರಮ್ಸ್ ಇಲ್ಲ, ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಆದರೂ ತಾಳ ಕಲ್ಲಿನ ಹಾಗೆ ಗಟ್ಟಿ. ಹಳಬರಿಗೆ ಇದು ಅಪಚಾರ ಅನ್ನಿಸಲಿಲ್ಲ, ಹುಡುಗರಿಗೆ ಇದು ಅಜ್ಜನ ಕಾಲದ್ದು ಅನ್ನಿಸಲಿಲ್ಲ. ಈಗಲೂ ಬ್ಲೂಗ್ರಾಸ್ ಬ್ಯಾಂಡು ಕಟ್ಟುವ ಹುಡುಗರು ತಾಳ ಹೇಗಿರಬೇಕು ಅಂತ ಕಲಿಯುವುದಕ್ಕೆ ಇದನ್ನೇ ಹಾಕಿಕೊಂಡು ಕೂರುತ್ತಾರೆ.

ರೌಂಡರ್‌ನವರ ಪಾಲು ಇಲ್ಲಿ ಏನು? ನುಡಿಸಿದ್ದು ಅವರಲ್ಲ ನಿಜ. ಆದರೆ ಆ ಹುಡುಗರು ಚೆಲ್ಲಾಪಿಲ್ಲಿಯಾದ ಮೇಲೂ ಅವರು ಕೈಬಿಡಲಿಲ್ಲ. ಸ್ಕ್ಯಾಗ್ಸ್ ಮತ್ತು ಡಗ್ಲಸ್ ಅವರ ಹೊಸ ಬ್ಯಾಂಡಿನ ಎಲ್‌ಪಿ, ರೈಸ್ ಅವರ ಒಂಟಿ ಎಲ್‌ಪಿಗಳು, ಡಗ್ಲಸ್ ಅವರದ್ದು, ಕ್ರೋ ಅವರ ಮುಂದಿನವು, 1981ರಿಂದ ರೈಸ್ ಮತ್ತು ಕ್ರೋ ಇನ್ನಿತರರ ಜೊತೆ ಸೇರಿ ಹಳೆಯ ಹಾಡುಗಳನ್ನೇ ಮತ್ತೆ ನುಡಿಸಿದ ಆರು ಸಂಪುಟಗಳ ಸರಣಿ, ಎಲ್ಲವನ್ನೂ ರೌಂಡರ್ ತಂದಿತು. ಒಂದು ಬೇರಿನಿಂದ ಹೊರಟ ಎಲ್ಲ ಕೊಂಬೆಗಳ ಲೆಕ್ಕ ಒಂದೇ ಮನೆಯಲ್ಲಿ ಸಿಗುತ್ತದೆ.

ದುಡ್ಡು ಬಂದಾಗ

1970ರ ದಶಕದ ಕೊನೆಯಲ್ಲಿ ಯಾರೂ ಎಣಿಸದ ಒಂದು ಘಟನೆ ನಡೆಯಿತು. ಡೆಲವೇರ್‌ನ ಜಾರ್ಜ್ ಥರೋಗುಡ್ ಅನ್ನುವ ಗಿಟಾರ್ ವಾದಕ ಹಳೆಯ ಬ್ಲೂಸನ್ನು ಜೋರು ರಾಕ್ ಮಾಡಿ ನುಡಿಸುತ್ತಿದ್ದರು. ಅವರ ಮೊದಲ ಎಲ್‌ಪಿ ರೌಂಡರ್‌ನಿಂದ 1977ರಲ್ಲಿ ಬಂತು, ಎರಡನೆಯದು 1978ರಲ್ಲಿ. ಎರಡನೆಯದಕ್ಕೆ ಗೋಲ್ಡ್ ಸಿಕ್ಕಿತು. ಅಂದರೆ 5 ಲಕ್ಷ ಪ್ರತಿಗಳ ಲೆಕ್ಕ. ಬ್ಯಾಂಜೋ ಎಲ್‌ಪಿಗಳನ್ನು ಸಾವಿರಗಳಲ್ಲಿ ಮಾರುತ್ತಿದ್ದವರ ಮನೆಗೆ ಒಮ್ಮೆಲೇ ಇಷ್ಟು ಬಂದರೆ ಹೇಗಿರುತ್ತದೆ!

ಕಂಪನಿ ಬೆಳೆಯಿತು. ಕೆಲಸಕ್ಕೆ ಜನ ಬಂದರು. ಆ ಜನ ಯೂನಿಯನ್ ಕಟ್ಟಿಕೊಂಡರು. ಮಾಲೀಕ, ಕೂಲಿ ಅನ್ನುವ ಭೇದವೇ ಬೇಡ ಅಂತ ಹೊರಟ ಮೂವರು ಈಗ ಮೇಜಿನ ಆ ಕಡೆ, ಮಾಲೀಕರ ಕುರ್ಚಿಯಲ್ಲಿ ಕೂತಿದ್ದರು. ಗಣಿ ಕಾರ್ಮಿಕರ ಹೋರಾಟದ ಹಾಡುಗಳನ್ನು ಹೊರತಂದ ಕಂಪನಿ ಅದು. ಅವರ ಮನಸ್ಸಿಗೆ ಅದು ನೋವಾಗಿರದೆ ಇರಲು ಸಾಧ್ಯವಿಲ್ಲ. ಆದರೆ ಕೆಲಸಗಾರರ ಕಡೆಯ ನ್ಯಾಯವೂ ನನಗೆ ಕಾಣುತ್ತದೆ. ಮೂವರು ಗೆಳೆಯರು ತಮ್ಮ ಆಸೆಗೆ ಕಡಿಮೆ ದುಡ್ಡಿನಲ್ಲಿ ಬದುಕಬಹುದು. ಬೇರೆಯವರ ಮನೆ ಬಾಡಿಗೆ ಅದರಿಂದ ಕಟ್ಟಲು ಆಗುವುದಿಲ್ಲ. ಸಂಗೀತದ ಮೇಲಿನ ಪ್ರೀತಿಯನ್ನು ಸಂಬಳದ ಬದಲಿಗೆ ಕೊಡುವುದು ಸರಿಯಲ್ಲ, ಎಲ್ಲಿಯೇ ಆಗಲಿ.

ಥರೋಗುಡ್ 1982ರ ಹೊತ್ತಿಗೆ ದೊಡ್ಡ ಕಂಪನಿಗೆ ಹೋದರು. ಇಲ್ಲೇ ಕಂಪನಿಯ ನಿಜವಾದ ಪರೀಕ್ಷೆ ಇತ್ತು. ರಾಕ್ ಗೋಲ್ಡ್ ರುಚಿ ನೋಡಿದ ಮೇಲೆ ಅದನ್ನೇ ಮತ್ತೆ ಹುಡುಕಿಕೊಂಡು ಹೋಗಿ ಕೈ ಸುಟ್ಟುಕೊಂಡ ಸಣ್ಣ ಕಂಪನಿಗಳು ಬೇಕಾದಷ್ಟಿವೆ. ರೌಂಡರ್ ಪೂರ್ತಿ ಆ ಕಡೆ ತಿರುಗಲಿಲ್ಲ. ನ್ಯೂ ಆರ್ಲಿಯನ್ಸ್‌ನ ಪಿಯಾನೋ, ಲೂಯಿಸಿಯಾನಾದ ಕೇಜನ್ ಸಂಗೀತ, ಬ್ಲೂಸ್, ಜಮೈಕಾದ ರೆಗ್ಗೆ ಅಂತ ಬಲೆಯನ್ನು ಅಗಲ ಮಾಡಿತು. ಬ್ಲೂಸ್ ಗಿಟಾರ್ ವಾದಕ ಗೇಟ್‌ಮೌತ್ ಬ್ರೌನ್ ಅವರ ಎಲ್‌ಪಿಗೆ ಬಂದದ್ದು ರೌಂಡರ್‌ನ ಮೊದಲ ಗ್ರ್ಯಾಮಿ.

ಹದಿನಾಲ್ಕು ವರ್ಷದ ಹುಡುಗಿಯ ಕ್ಯಾಸೆಟ್ಟು

ಇಲಿನಾಯ್‌ನ ಶಾಂಪೇನ್ ಅನ್ನುವ ಊರಿನ ಹುಡುಗಿ ಆಲಿಸನ್ ಕ್ರೌಸ್. 1971ರಲ್ಲಿ ಹುಟ್ಟಿದವರು. ಪಿಟೀಲು ಸ್ಪರ್ಧೆಗಳಲ್ಲಿ ಗೆಲ್ಲುತ್ತಾ ಬೆಳೆದವರು. ಟೋನಿ ರೈಸ್ ಅವರ ರೆಕಾರ್ಡುಗಳನ್ನು ಕೇಳಿ ಮರುಳಾದವರು. ಅಂದರೆ ರೌಂಡರ್‌ನ ರೆಕಾರ್ಡುಗಳನ್ನೇ ಕೇಳಿ ಬೆಳೆದ ಹುಡುಗಿ. ಅವರ ತಂಡದ ಕ್ಯಾಸೆಟ್ಟು ಕೆನ್ ಇರ್ವಿನ್ ಕಿವಿಗೆ ಬಿತ್ತು. 14ನೇ ವಯಸ್ಸಿಗೆ ಒಪ್ಪಂದವಾಯಿತು. ಮೊದಲ ಎಲ್‌ಪಿ 1987ರಲ್ಲಿ ಬಂದಾಗ ಆಕೆಗೆ 16.

ಒಪ್ಪಂದದಲ್ಲಿ ಒಂದು ಮಾತಿತ್ತು. ಒಂದು ಎಲ್‌ಪಿ ಆಕೆಯ ಹೆಸರಿನಲ್ಲಿ ಬಂದರೆ ಮುಂದಿನದು ಅವರ ಬ್ಯಾಂಡು ಯೂನಿಯನ್ ಸ್ಟೇಷನ್ ಜೊತೆ ಬರಬೇಕು. ಇದು ನೋಡಲು ಸಣ್ಣ ವಿಷಯ. ಆದರೆ ಎಳೆಯ ಹಾಡುಗಾರ್ತಿಯನ್ನು ಬ್ಯಾಂಡಿನಿಂದ ಕಿತ್ತು ಒಬ್ಬಳನ್ನೇ ಮೆರೆಸುವುದು ಈ ವ್ಯಾಪಾರದಲ್ಲಿ ಮಾಮೂಲು. ಈ ಒಪ್ಪಂದ ಬ್ಯಾಂಡನ್ನು ಉಳಿಸಿತು. ಮುಂದೆ ಜೆರ್ರಿ ಡಗ್ಲಸ್ ಅವರೇ ಆ ಬ್ಯಾಂಡಿಗೆ ಸೇರಿದರು.

1995ರಲ್ಲಿ ಬಂದ ಆಯ್ದ ಹಾಡುಗಳ ಸಂಕಲನ 20 ಲಕ್ಷ ಪ್ರತಿಗಳನ್ನು ದಾಟಿತು. ದೊಡ್ಡ ಕಂಪನಿಗಳು ಕರೆದರೂ ಆಕೆ ಹೋಗಲಿಲ್ಲ. 2007ರಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡು ಲೆಡ್ ಜೆಪ್ಲಿನ್‌ನ ರಾಬರ್ಟ್ ಪ್ಲಾಂಟ್ ಜೊತೆ ಹಾಡಿದ ಆಲ್ಬಂ ಕೂಡ ರೌಂಡರ್‌ನಿಂದಲೇ ಬಂತು. 2009ರ ಫೆಬ್ರುವರಿಯಲ್ಲಿ ಅದಕ್ಕೆ ವರ್ಷದ ಆಲ್ಬಂ ಸೇರಿ ಐದು ಗ್ರ್ಯಾಮಿ ಬಂದವು. ಬಾಡಿಗೆ ಮನೆಯಲ್ಲಿ ಶುರುವಾದ ಕಂಪನಿಗೆ ಅಮೆರಿಕದ ಸಂಗೀತ ವ್ಯಾಪಾರದ ಅತಿ ದೊಡ್ಡ ಪ್ರಶಸ್ತಿ. ಕ್ರೌಸ್ ಇದುವರೆಗೆ ಗೆದ್ದಿರುವುದು ಒಟ್ಟು 27 ಗ್ರ್ಯಾಮಿ.

ಈ ದುಡ್ಡು ಎಲ್ಲಿಗೆ ಹೋಯಿತು ಅಂತ ನೋಡಿದರೆ ರೌಂಡರ್‌ನ ಸ್ವಭಾವ ಮತ್ತೆ ಕಾಣುತ್ತದೆ. 1997ರಲ್ಲಿ ಅವರು ಆಲನ್ ಲೋಮ್ಯಾಕ್ಸ್ ಅವರ ಧ್ವನಿಮುದ್ರಣಗಳನ್ನು ತರಲು ಶುರು ಮಾಡಿದರು. ಲೋಮ್ಯಾಕ್ಸ್ ಹಳ್ಳಿ, ಜೈಲು, ಚರ್ಚು, ಹೊಲ ಅಂತ ಜೀವನಪೂರ್ತಿ ಯಂತ್ರ ಹೊತ್ತು ತಿರುಗಿ ಹಾಡು ಹಿಡಿದವರು. ಆ ಸರಣಿಯಲ್ಲಿ 100ಕ್ಕೂ ಹೆಚ್ಚು ಸಿಡಿ ಬಂದವು. 1938ರಲ್ಲಿ ಲೋಮ್ಯಾಕ್ಸ್ ಜಾಝ್ ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್ ಅವರನ್ನು ಕೂರಿಸಿಕೊಂಡು ಮಾತಾಡಿಸಿ, ನುಡಿಸಲು ಹೇಳಿ ಹಿಡಿದ ಗಂಟೆಗಟ್ಟಲೆ ದಾಖಲೆಯನ್ನು 2005ರಲ್ಲಿ ಪೂರ್ತಿಯಾಗಿ ಒಂದು ಪೆಟ್ಟಿಗೆಯಲ್ಲಿ ತಂದರು.

ಲೋಮ್ಯಾಕ್ಸ್ ಮಾತು ಬಂದಾಗ ಜೇಮ್ಸ್ ಕಾರ್ಟರ್ ಅವರನ್ನು ಬಿಡಲು ನನಗೆ ಮನಸ್ಸಾಗುವುದಿಲ್ಲ. 1959ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನಲ್ಲಿ ಕೈದಿಗಳು ಕೊಡಲಿಯಿಂದ ಮರ ಕಡಿಯುತ್ತಾ ಹಾಡುತ್ತಿದ್ದರು. ಮುಂದೆ ಹಾಡುತ್ತಿದ್ದವರು ಕಾರ್ಟರ್. ಲೋಮ್ಯಾಕ್ಸ್ ಅದನ್ನು ಮುದ್ರಿಸಿ, ಹೆಸರು ಬರೆದಿಟ್ಟುಕೊಂಡರು. 2000ದಲ್ಲಿ ಒಂದು ಹಾಲಿವುಡ್ ಸಿನಿಮಾ ಆ ಹಾಡನ್ನು ಬಳಸಿಕೊಂಡಿತು. ಆ ಸಿನಿಮಾದ ಹಾಡುಗಳ ಆಲ್ಬಂ ಲಕ್ಷಾಂತರ ಪ್ರತಿ ಹೋಯಿತು. ಕಾರ್ಟರ್ ಎಲ್ಲಿದ್ದಾರೆ, ಇದ್ದಾರಾ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಲೋಮ್ಯಾಕ್ಸ್ ಸಂಗ್ರಹದವರು ಹುಡುಕಿ ಹುಡುಕಿ ಕಡೆಗೆ ಶಿಕಾಗೋದಲ್ಲಿ ಅವರನ್ನು ಕಂಡು, ಸುಮಾರು 20,000 ಡಾಲರ್ ರಾಯಲ್ಟಿ ಚೆಕ್ ಕೈಗಿಟ್ಟರು. ಆ ಹಾಡು ಹಾಡಿದ ನೆನಪೇ ಅವರಿಗೆ ಇರಲಿಲ್ಲ. 2002ರ ಗ್ರ್ಯಾಮಿ ಸಮಾರಂಭಕ್ಕೆ ಅವರೂ ಹೋಗಿದ್ದರು. ಮರು ವರ್ಷ ತೀರಿಕೊಂಡರು. ಹುಡುಕಿದ ಪುಣ್ಯ ರೌಂಡರ್‌ದಲ್ಲ. ಆದರೂ ಈ ಘಟನೆ ಒಂದು ವಿಷಯ ತೋರಿಸುತ್ತದೆ. ಹಳೆಯ ಹಾಡನ್ನು ಹೆಸರಿನ ಸಮೇತ ಕಾಪಾಡಿ ಇಟ್ಟರೆ, 40 ವರ್ಷದ ಮೇಲೂ ಹಾಡಿದವರ ಋಣ ತೀರಿಸಬಹುದು. 'ಜಾನಪದ' ಅಂತ ಒಂದೇ ಪದ ಬರೆದು ಕೈ ತೊಳೆದುಕೊಂಡರೆ ಅದು ಆಗುವುದಿಲ್ಲ.

2010

ಹೊಸ ಶತಮಾನದಲ್ಲಿ ಸಿಡಿ ಮಾರಾಟ ಬಿದ್ದಿತು. ರೆಕಾರ್ಡ್ ಅಂಗಡಿಗಳು ಮುಚ್ಚಿದವು. ಮಾರುವ ಕಟ್ಟೆಯೇ ಇಲ್ಲದಾಗ ಡಬ್ಬ ಕಟ್ಟಿ ಕಳಿಸುವ ವ್ಯಾಪಾರ ಯಾರಿಗೆ? ಮೂವರಿಗೂ ಅರವತ್ತು ದಾಟಿತ್ತು ಅಥವಾ ಹತ್ತಿರವಾಗಿತ್ತು. 2010ರ ಏಪ್ರಿಲ್‌ನಲ್ಲಿ ರೌಂಡರ್ ಅನ್ನು ಕಾನ್‌ಕಾರ್ಡ್ ಮ್ಯೂಸಿಕ್ ಗ್ರೂಪ್ ಅನ್ನುವ ದೊಡ್ಡ ಸಂಗೀತ ಕಂಪನಿ ಕೊಂಡಿತು. ಅಷ್ಟೊತ್ತಿಗೆ ರೌಂಡರ್‌ನವರೇ ಕೊಂಡಿದ್ದ ಫೈಲೋ, ಫ್ಲೈಯಿಂಗ್ ಫಿಶ್ ಮುಂತಾದ ಕಂಪನಿಗಳದ್ದೂ ಸೇರಿ ರೌಂಡರ್ ಪಟ್ಟಿಯಲ್ಲಿ 3,000ಕ್ಕೂ ಹೆಚ್ಚು ರೆಕಾರ್ಡುಗಳಿದ್ದವು. ಕೆಲವು ವರ್ಷಗಳಲ್ಲಿ ಕಚೇರಿ ಮ್ಯಾಸಚೂಸೆಟ್ಸ್ ಬಿಟ್ಟು ನ್ಯಾಶ್‌ವಿಲ್‌ಗೆ ಹೋಯಿತು.

ಇಂಥ ಕಂಪನಿಗಳನ್ನು ಕಟ್ಟಿದವರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಫೋಕ್‌ವೇಸ್ ಕಂಪನಿಯ ಮೋಸೆಸ್ ಆಶ್ ತೀರಿಕೊಂಡ ಮೇಲೆ 1987ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮ್ಯೂಸಿಯಮ್ಮುಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಗೆ ಹೋಯಿತು. ಷರತ್ತು ಒಂದೇ. 2,000ಕ್ಕೂ ಹೆಚ್ಚಿನ ಆ ಪಟ್ಟಿಯ ಒಂದೇ ಒಂದು ರೆಕಾರ್ಡೂ ಸಿಗುವುದಿಲ್ಲ ಅಂತ ಆಗಬಾರದು, ಎಷ್ಟು ಕಡಿಮೆ ಮಾರಾಟವಾದರೂ ಸರಿ. ಕ್ಯಾಲಿಫೋರ್ನಿಯಾದ ಆರ್ಹೂಲಿ ಕಂಪನಿಯ ಕ್ರಿಸ್ ಸ್ಟ್ರಾಕ್‌ವಿಟ್ಸ್ ಕೂಡ 2016ರಲ್ಲಿ ಅಲ್ಲಿಗೇ ಕೊಟ್ಟರು. ಇನ್ನೊಂದು ಕಡೆ, ಬ್ಯಾರಿ ಪಾಸ್ 1978ರಲ್ಲಿ ಉತ್ತರ ಕ್ಯಾರೊಲೈನಾದಲ್ಲಿ ಶುರು ಮಾಡಿದ ಶುಗರ್ ಹಿಲ್ 1998ರಲ್ಲಿ ವ್ಯಾಪಾರಿ ಗುಂಪಿಗೆ ಹೋಗಿ, ಕೈ ಬದಲಾಗಿ, 2015ರಲ್ಲಿ ಅದೂ ಕಾನ್‌ಕಾರ್ಡ್ ಪಾಲಾಯಿತು. ಒಂದು ಕಾಲದಲ್ಲಿ ಒಂದೇ ಜಾತ್ರೆಯಲ್ಲಿ ಎದುರು ಬದುರು ಮೇಜು ಹಾಕುತ್ತಿದ್ದ ರೌಂಡರ್, ಶುಗರ್ ಹಿಲ್ ಈಗ ಒಂದೇ ಸೂರಿನಡಿ.

ರೌಂಡರ್‌ನವರು ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. 40 ವರ್ಷ ದುಡಿದವರಿಗೆ ತಮ್ಮ ದುಡಿಮೆಯ ಬೆಲೆ ಪಡೆಯುವ ಹಕ್ಕಿದೆ. ಸ್ಮಿತ್‌ಸೋನಿಯನ್ ಥರದ ಸಂಸ್ಥೆಗೆ ಹೊಸ ಹಾಡುಗಾರರನ್ನು ಬೆಳೆಸಿ, ಊರೂರು ಕಳಿಸಿ, ರೇಡಿಯೋದಲ್ಲಿ ಹಾಕಿಸುವ ಶಕ್ತಿ ಅಷ್ಟಿಲ್ಲ. ಆ ಕೆಲಸ ಹೊಸ ರೌಂಡರ್ ಮಾಡುತ್ತಿದೆ. ಬಿಲ್ಲಿ ಸ್ಟ್ರಿಂಗ್ಸ್ ಅನ್ನುವ ಹುಡುಗನ 2019ರ ಆಲ್ಬಂಗೆ 2021ರಲ್ಲಿ ಬ್ಲೂಗ್ರಾಸ್ ಗ್ರ್ಯಾಮಿ ಬಂತು. ಆತ ಈಗ ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸುತ್ತಾನೆ. ಸಿಯೆರಾ ಫೆರೆಲ್ 2025ರಲ್ಲಿ ನಾಲ್ಕು ಗ್ರ್ಯಾಮಿ ಗೆದ್ದರು. ಆಕೆಯೂ ಹೇಝಲ್ ಡಿಕನ್ಸ್ ಹುಟ್ಟಿದ ವೆಸ್ಟ್ ವರ್ಜೀನಿಯಾದವರೇ.

ಆದರೆ ಎಡ್ ಹೇಲಿಯಂಥವರ ಡಿಸ್ಕು ಇವತ್ತು ಯಾರ ಕೈಗಾದರೂ ಸಿಕ್ಕರೆ ಅದನ್ನು ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಬೇಕು? ಹಳೆಯ ರೌಂಡರ್‌ನಲ್ಲಿ ಆ ಬಾಗಿಲು ಮೂರು ಜನರ ಮನಸ್ಸಿನಲ್ಲಿತ್ತು. ಕಾಗದದ ಮೇಲೆ ಇರಲಿಲ್ಲ. ಫೋಕ್‌ವೇಸ್‌ನವರು ಅದನ್ನು ಷರತ್ತಾಗಿ ಬರೆಸಿದರು, ಅದು ಉಳಿಯಿತು. ರೌಂಡರ್‌ನ ಹಳೆಯ ಎಲ್‌ಪಿಗಳಲ್ಲಿ ಎಲ್ಲವೂ ಸಿಡಿಯಾಗಲಿಲ್ಲ. ಸಣ್ಣ ಹೆಸರುಗಳಿಗೆ ಅಂಥದ್ದೊಂದು ಬರೆದ ಭರವಸೆ ಬೇಕಿತ್ತು ಅನ್ನುವುದು ನನ್ನ ಮನಸ್ಸಿನ ಕೊರಗು. ಈಗ ಕಂಪನಿ ನಡೆಸುತ್ತಿರುವವರು, ಮಾರಲು ಯೋಚಿಸುತ್ತಿರುವವರು ಈ ಪ್ರಕರಣದಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

2016ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಹಾಲ್ ಆಫ್ ಫೇಮ್ ಮೂವರನ್ನೂ ಒಟ್ಟಿಗೆ ಸೇರಿಸಿಕೊಂಡಿತು. ಅವರಲ್ಲಿ ಯಾರೂ ಬ್ಯಾಂಜೋ ನುಡಿಸಿ ಹೆಸರು ಮಾಡಿದವರಲ್ಲ. ಟೋನಿ ರೈಸ್ 2020ರ ಕ್ರಿಸ್‌ಮಸ್ ದಿನ ತೀರಿಕೊಂಡರು. ಜೆ.ಡಿ. ಕ್ರೋ ಮರು ವರ್ಷ ಕ್ರಿಸ್‌ಮಸ್ಸಿನ ಹಿಂದಿನ ದಿನ.

ಇರ್ವಿನ್, ನೌಲಿನ್, ಮೇರಿಯನ್ ಮೂವರೂ ಎಂಬತ್ತರ ಆಸುಪಾಸಿನಲ್ಲಿ ಮತ್ತೆ ಒಟ್ಟಾಗಿ, ರೌಂಡರ್‌ನಲ್ಲಿ ತಮ್ಮ ಜೊತೆ ದುಡಿದ ಜಾನ್ ವಿರಾಂಟ್ ಅವರನ್ನೂ ಸೇರಿಸಿಕೊಂಡು ಡೌನ್ ದ ರೋಡ್ ಅನ್ನುವ ಹೊಸ ಸಣ್ಣ ಕಂಪನಿ ಶುರು ಮಾಡಿದ್ದಾರೆ. ಆಲಿಸನ್ ಕ್ರೌಸ್ ಮತ್ತು ಯೂನಿಯನ್ ಸ್ಟೇಷನ್ 14 ವರ್ಷದ ಮೇಲೆ ಒಟ್ಟಿಗೆ ಹಾಡಿದ ಆಲ್ಬಂ 2025ರ ಮಾರ್ಚ್‌ನಲ್ಲಿ ಬಂತು. ಆಕೆ ಅದನ್ನು ಕೊಟ್ಟದ್ದು ಈ ಹೊಸ ಕಂಪನಿಗೆ.